ನಮ್ಮ ಮನೆಯ ಮಸಿಗಪ್ಪೆ

ಬಂಗಾರದ ಕಪ್ಪೆ ಮೊದಲು ಬಂದದ್ದು ನನ್ನ ಮನೆ ಬಾಗಿಲಿಗೆ. ಈ ಮಾತನ್ನು ನಾನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ, ಎದುರು ಮನೆಯ ತೊಳಸಮ್ಮನ ಮುಖಕ್ಕೇ ಹೇಳಿದ್ದೇನೆ. ಅವಳು ನಗುತ್ತಿದ್ದಳೇ ಹೊರತು ಇಲ್ಲ ಅನ್ನುತ್ತಿರಲಿಲ್ಲ. ಇಲ್ಲ ಅಂದಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ನಕ್ಕುಬಿಟ್ಟರೆ ಏನು ಮಾಡುವುದು, ಹೊಟ್ಟೆಯುರಿ ಹೊಟ್ಟೆಯಲ್ಲೇ ಉಳಿಯುತ್ತದೆ.

ನಮ್ಮೂರಲ್ಲಿ ಹೊಸದಾಗಿ ಒಲೆ ಹೂಡಿದ ಮನೆಗೆ ಒಂದು ನೆಲಗಪ್ಪೆ ತಾನಾಗಿ ಬಂದು ಸೇರುತ್ತದೆ. ಒಲೆ ಹೊತ್ತಿಸಿ, ಬಾಗಿಲು ತೆರೆದಿಟ್ಟು, ಮನೆಯಾಕೆ ಹೊಸ್ತಿಲ ಪಕ್ಕ ಕೂತಿರಬೇಕು. ಕಪ್ಪೆ ಬೀದಿಯಲ್ಲಿ ಬರುತ್ತದೆ, ಹೊಸ್ತಿಲು ದಾಟುತ್ತದೆ, ನೀರಿನ ಹಂಡೆಯ ಹಿಂದೆಯೋ ಒರಳುಕಲ್ಲಿನ ಸಂದಿಯಲ್ಲೋ ತನಗೆ ಬೇಕಾದ ಜಾಗ ಹುಡುಕಿಕೊಳ್ಳುತ್ತದೆ. ಆ ಒಲೆ ಆರುವ ತನಕ ಅಲ್ಲೇ ಇರುತ್ತದೆ. ಒಂದು ಮನೆಗೆ ಬಂದ ಜಾತಿಯದು ಇನ್ನೊಂದು ಮನೆಗೆ ಬರುವುದಿಲ್ಲ. ಹೀಗಾಗಿ ಊರಲ್ಲಿ ಎಷ್ಟು ಮನೆಯೋ ಅಷ್ಟು ಜಾತಿಯ ಕಪ್ಪೆ. ಗಾಣದವರ ಮನೆಯದು ತೆಂಗಿನಕಾಯಿ ಗಾತ್ರ, ದಾರಿಗಡ್ಡ ಕೂತರೆ ಮನೆಯವರೇ ಸುತ್ತಿ ಹೋಗಬೇಕು. ಬಳೆಗಾರರ ಮನೆಯದು ಹೆಬ್ಬೆರಳ ಉಗುರಿನಷ್ಟು, ಬಳೆಯ ಸುತ್ತಿನೊಳಗೆ ಮಲಗುತ್ತದೆ. ಮೇಷ್ಟರ ಮನೆಯದಕ್ಕೆ ಉದ್ದ ಮೂಗು. ಒಂದು ಕಪ್ಪೆಯಂತೂ ನುಗ್ಗೆಮರದ ಪೊಟರೆ ಬಿಟ್ಟು ಇಳಿಯುವುದಿಲ್ಲ. ಇನ್ನೊಂದು ಕುಪ್ಪಳಿಸುವುದನ್ನೇ ಮರೆತು ಮುದುಕರ ಹಾಗೆ ಹೆಜ್ಜೆ ಹಾಕಿಕೊಂಡು ನಡೆಯುತ್ತದೆ. ಮಗ್ಗದವರ ಮನೆಯದು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಜಾತಿಯದು ಎಂದು ಅವರು ಹೇಳಿಕೊಂಡು ತಿರುಗುತ್ತಾರೆ. ನಾನಂತೂ ಒಂದು ಮರಿಯನ್ನೂ ನೋಡಿಲ್ಲ.

ಯಾವ ಕಪ್ಪೆಗೆ ಯಾವ ಕಪ್ಪೆ ನೆಂಟ ಎಂದು ನೋಡಿ ಹೇಳುವವಳು ಗಂಟುನೋಡುವ ಬೆಟ್ಟಮ್ಮ. ನೆಲಗಪ್ಪೆಗೆ ಕಣ್ಣಿನ ಹಿಂದೆ ಎರಡು ಗಂಟುಗಳಿರುತ್ತವಲ್ಲ, ಹಾಲಿನಂಥ ವಿಷ ಒಸರುವ ಗಂಟುಗಳು, ಅವುಗಳ ಆಕಾರ, ನೆತ್ತಿಯ ಮೇಲಿನ ಏಣು, ಬೆರಳ ನಡುವಿನ ತೊಗಲು, ಎಲ್ಲ ನೋಡಿ ಅವಳು ಪಂಗಡ ಕಟ್ಟುತ್ತಾಳೆ. ಎಲ್ಲಕ್ಕಿಂತ ಮೊದಲು ಬಾಯೊಳಗೆ ಬೆರಳಾಡಿಸುತ್ತಾಳೆ. ಹಲ್ಲು ತಗುಲಿದರೆ ಅದು ನೆಲಗಪ್ಪೆಯೇ ಅಲ್ಲ, ಆ ಮನೆಯವರು ತಲೆ ತಗ್ಗಿಸಿಕೊಂಡು ಎದ್ದು ಹೋಗಬೇಕು. ಒಂದೇ ಪಂಗಡದ ಮನೆಗಳೆಂದರೆ ಒಡಹುಟ್ಟಿದವರ ಮನೆಗಳಿದ್ದ ಹಾಗೆ. ಸಾವಿಗೆ ಸೂತಕ ಉಂಟು, ಮದುವೆಗೆ ಅಕ್ಕತಂಗಿಯರ ಶಾಸ್ತ್ರ ಉಂಟು, ತಮ್ಮತಮ್ಮೊಳಗೆ ಹೆಣ್ಣು ಕೊಟ್ಟು ತರುವುದು ಮಾತ್ರ ಇಲ್ಲ. ಬೆಟ್ಟಮ್ಮನ ಅಪ್ಪನ ಕಾಲದಲ್ಲಿ ಊರೆಲ್ಲ ಒಂದೇ ಪಂಗಡವಾಗಿತ್ತು. ಸತ್ತ ಕಪ್ಪೆಯ ಹೊಟ್ಟೆಯೊಳಗೆ ಏನೋ ಒಂದು ಗುರುತಿರುತ್ತದಂತೆ, ಅದು ಎಲ್ಲದರಲ್ಲೂ ಇರುವುದರಿಂದ ಎಲ್ಲವೂ ಒಂದೇ ಎಂದು ಆತನ ವಾದ. ಹೆಣ್ಣು ಹುಡುಕಲು ಜನ ಹೊಳೆಯಾಚೆ ಹೋಗಿ ಹೋಗಿ ಸುಸ್ತಾದರು. ಮಗಳು ಬೆಟ್ಟಮ್ಮ ಬಂದವಳೇ ಹೊಟ್ಟೆಯೊಳಗಿನದನ್ನು ಹೊಟ್ಟೆಯೊಳಗೇ ಇರಲಿ ಎಂದು ಬಿಟ್ಟು, ಹೊರಗೆ ಕಾಣುವುದನ್ನು ನೋಡಿ ಊರನ್ನು ಹತ್ತಾರು ಪಂಗಡಗಳಾಗಿ ಒಡೆದಳು. ಆಗ ಮದುವೆಗಳು ಸುಸೂತ್ರವಾದವು.

ಇನ್ನೊಂದು ಕಟ್ಟಳೆಯೂ ಇದೆ. ಒಂದು ಮನೆಯ ಕಪ್ಪೆ ಇನ್ನೊಂದು ಮನೆಯ ಕಪ್ಪೆಯ ಬೆನ್ನೇರಿ ಕೂತು ಕೂಗಿಬಿಟ್ಟರೆ ಗಂಟು ನೋಡುವ ಮಾತೇ ಇಲ್ಲ, ಎರಡೂ ಒಂದೇ ಪಂಗಡ. ನನ್ನ ಅಜ್ಜಿಯ ಕಾಲದಲ್ಲಿ ಒಮ್ಮೆ ಹಾಗಾಗಿ ಚಪ್ಪರ ಹಾಕಿದ್ದ ಮದುವೆ ನಿಂತುಹೋಯಿತಂತೆ. ಅದಕ್ಕೇ ವರ್ಷಕ್ಕೊಮ್ಮೆ ಗಂಟುನೋಟಕ್ಕೆ ಹೋಗುವಾಗ ಕಪ್ಪೆಯನ್ನು ಒದ್ದೆ ಮರಳಿನ ಕುಡಿಕೆಯಲ್ಲಿಟ್ಟು, ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ ಒಯ್ಯುತ್ತೇವೆ. ಮೊದಲ ಮಳೆ ಬೀಳುವ ಮುಂಚೆ ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತೇವೆ. ಮೊದಲ ಮಳೆ ಮೈಮೇಲೆ ಬಿದ್ದ ಕಪ್ಪೆ ಯಾರ ಮಾತನ್ನೂ ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಸಂಕಟ ಹೇಳಬಹುದು. ನಾನೂ ತೊಳಸಿಯೂ ಒಂದೇ ಬೇಸಿಗೆಯಲ್ಲಿ ಈ ಬೀದಿಗೆ ಸೊಸೆಯರಾಗಿ ಬಂದವರು, ಎದುರುಬದುರು ಮನೆ. ನಮ್ಮದು ಅಕ್ಕಿ ಹುರಿದು ಅರಳಿಸುವ ಪುರಿ ಬಟ್ಟಿ. ಅವರದು ನೂಲಿಗೆ ಬಣ್ಣ ಹಾಕುವ ಕೆಲಸ. ಒಂದೇ ದಿನ ಇಬ್ಬರೂ ಒಲೆ ಹೂಡಿ ಹೊಸ್ತಿಲ ಪಕ್ಕ ಕೂತೆವು. ಸಂಜೆಯ ಹೊತ್ತಿಗೆ ಬೀದಿಯ ಕೊನೆಯಿಂದ ಅದು ಬಂತು. ಮೈಯೆಲ್ಲ ಹೊಂಬಣ್ಣ, ಅದರ ಮೇಲೆ ಕಪ್ಪು ಚುಕ್ಕಿ, ಸಣಕಲು ಕಾಲು. ನೇರವಾಗಿ ನಮ್ಮ ಮನೆಯ ಕಡೆ ಬಂದು ನಮ್ಮ ಹೊಸ್ತಿಲ ಮೇಲೆ ಮುಂಗಾಲೂರಿತು. ಒಳಗಿನಿಂದ ಬಟ್ಟಿಯ ಕಾವು ಬಡಿಯಿತೋ ಏನೋ, ಒಂದು ಗಳಿಗೆ ಕೂತಿದ್ದು, ತಿರುಗಿ, ಬೀದಿ ದಾಟಿ, ತೊಳಸಿಯ ಮನೆಯೊಳಗೆ ಹೋಗಿಬಿಟ್ಟಿತು. ಅವರ ಅಂಗಳ ಬಣ್ಣದ ನೀರು ಚೆಲ್ಲಿ ಸದಾ ಒದ್ದೆ. ಅವತ್ತು ಬೇಕೆಂದೇ ಎರಡು ಬಿಂದಿಗೆ ಹೆಚ್ಚು ಚೆಲ್ಲಿದ್ದಳು ಎಂದು ನನ್ನ ಗುಮಾನಿ. ನನಗೆ ಬಂದದ್ದು ಆಮೇಲೆ, ದೀಪ ಹಚ್ಚುವ ಹೊತ್ತಿಗೆ. ಮಣ್ಣಿನ ಬಣ್ಣ, ಮೈತುಂಬ ನರಹುಲಿ, ನೆತ್ತಿಯ ಮೇಲೆ ಕಾಡಿಗೆ ಗೀರಿದಂಥ ಏಣು. ಯಾವ ಹಿತ್ತಿಲಲ್ಲಿ ಕಲ್ಲೆತ್ತಿದರೂ ಕಾಣುವ ಮುಖ. ಬಟ್ಟಿಯ ಕಲ್ಲಿನ ಕೆಳಗೆ ಸೇರಿಕೊಂಡು ನಾಲ್ಕೇ ದಿನಕ್ಕೆ ಮಸಿ ಬಳಿದುಕೊಂಡಿತು. ಊರವರು ಅದನ್ನು ಮಸಿಗಪ್ಪೆ ಅಂದರು, ನಮ್ಮ ಮನೆಗೆ ಮಸಿಗಪ್ಪೆಯವರ ಮನೆ ಎಂದು ಹೆಸರು ಬಿತ್ತು. ಅವರದು ಬಂಗಾರಗಪ್ಪೆಯವರ ಮನೆ.

ಹೊಸಬರು ಯಾರೇ ಊರಿಗೆ ಬರಲಿ, ಮೊದಲು ತೊಳಸಿಯ ಅಂಗಳಕ್ಕೆ. ಕಪ್ಪೆ ನೋಡಿ ಬಾಯಿ ಚಪ್ಪರಿಸಿಕೊಂಡು ಈಚೆ ಬಂದವರು ನಮ್ಮಲ್ಲಿ ಒಂದು ಸೇರು ಪುರಿ ಕೊಳ್ಳುತ್ತಿದ್ದರು. ವ್ಯಾಪಾರಕ್ಕೇನೋ ಒಳ್ಳೆಯದೇ. ಆದರೆ ಅಳೆದು ಕೊಡುವವಳ ಹೊಟ್ಟೆಯಲ್ಲಿ ಏನು ಹುರಿಯುತ್ತಿತ್ತು ಎಂದು ಕೊಂಡವರಿಗೆ ಗೊತ್ತಿಲ್ಲ. ನನ್ನ ಗಂಡ ಮರಿಯಪ್ಪನೂ ಕಡಿಮೆಯಿಲ್ಲ. ಈಚಲುಹುಳ ಎದ್ದ ದಿನ ಬೊಗಸೆ ತುಂಬ ಹಿಡಿದುಕೊಂಡು ಎದುರು ಮನೆಗೆ ಓಡುತ್ತಿದ್ದ. “ನಮ್ಮದಕ್ಕೂ ಹೊಟ್ಟೆ ಅದೆ” ಅಂದರೆ, “ನಮ್ಮದು ತಾನೇ ಹಿಡ್ಕತದೆ ಕಣೆ, ಗಟ್ಟಿಮುಟ್ಟು” ಅನ್ನುತ್ತಿದ್ದ. ಹೊಗಳಿಕೆಯಂತೆ ಅದು.

ಅದು ಬಣ್ಣ ಹಾಕುವವರ ಮನೆಯಲ್ಲವೇ, ಬಂದಾಗಿನ ಹೊಂಬಣ್ಣ ಮಾಸದ ಹಾಗೆ ಕಪ್ಪೆಗೂ ಬಣ್ಣ ಹಾಕುತ್ತಿದ್ದಾರು ಎಂದು ನನಗೆ ಒಂದು ದಿನ ಹೊಳೆಯಿತು. ಹೊಳೆದದ್ದೇ ತಡ, ನಿದ್ದೆ ಊಟ ಎಲ್ಲ ಹೋಯಿತು. ಅವಳು ನೂಲು ಜಾಲಿಸಲು ಹೊಳೆಗೆ ಹೋದ ಸಮಯ ನೋಡಿ, ಸೀಗೆಪುಡಿ ಹಾಕಿದ ಒದ್ದೆ ಬಟ್ಟೆ ಹಿಡಿದು ಅಂಗಳಕ್ಕೆ ನುಗ್ಗಿದೆ. ಕಪ್ಪೆ ಕೊಪ್ಪರಿಗೆಯ ನೆರಳಲ್ಲಿ ಕೂತಿತ್ತು. ಹಿಡಿದು ಉಜ್ಜಿದೆ. ಬೆನ್ನು ಉಜ್ಜಿದೆ, ಹೊಟ್ಟೆ ಉಜ್ಜಿದೆ. ಬಟ್ಟೆಗೆ ಒಂದು ಕಲೆಯೂ ಹತ್ತಲಿಲ್ಲ, ಕಪ್ಪೆ ಇನ್ನಷ್ಟು ಫಳಫಳ ಅಂದಿತು. ಕೈಗೆ ಏನೋ ಜಿಗುಟು ಹತ್ತಿತ್ತು. ಬೆವರು ಒರೆಸಿಕೊಳ್ಳಲು ಹೋಗಿ ಅದೇ ಕೈಯನ್ನು ಕಣ್ಣಿಗೆ ಒಯ್ದೆ. ಮೆಣಸಿನಕಾಯಿ ಅರೆದು ತುಂಬಿದ ಹಾಗಾಯಿತು. ಕುರುಡಿಯಂತೆ ತಡವರಿಸುತ್ತಾ ಕೊಪ್ಪರಿಗೆಗೆ ಡಿಕ್ಕಿ ಹೊಡೆದು ಕೂತಿರುವಾಗ ತೊಳಸಿ ಬಂದಳು. ಕೈಯಲ್ಲಿನ ಬಟ್ಟೆ ನೋಡಿದಳು, ಸೀಗೆಯ ವಾಸನೆಯೂ ಮೂಗಿಗೆ ಹೊಡೆದಿರಬೇಕು. ಒಂದು ಮಾತೂ ಕೇಳದೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಣ್ಣೀರು ಹೊಯ್ದಳು.

“ಬಟ್ಟಿ ಹೊಗೆ ಜಾಸ್ತಿ ಆಯ್ತೇನೋ ಸಾಕಕ್ಕ, ಕಣ್ಣು ಹಿಂಗಾಗದೆ” ಅಂದಳು.

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳ ಒಳ್ಳೆಯತನ ನೋಡಿ ನನಗೆ ಅವಳ ಕಪ್ಪೆಯ ಮೇಲಿದ್ದ ಹೊಟ್ಟೆಕಿಚ್ಚು ಅವಳ ಮೇಲೂ ಹತ್ತಿಕೊಂಡಿತು.

ನನಗಿದ್ದವಳು ಒಬ್ಬಳೇ ಮಗಳು, ಚಂದ್ರಿ. ಇದೊಂದು ವಿಷಯದಲ್ಲಿ ನಾನು ತೊಳಸಿಗಿಂತ ಮೇಲು ಎಂದು ನಂಬಿದ್ದೆ. ತೊಳಸಿಗೆ ಒಬ್ಬ ಮಗ, ಶಿವನಂಜ. ಹೆಣ್ಣುಮಕ್ಕಳಿಲ್ಲ. ನಮ್ಮ ಚಂದ್ರಿ ಬಟ್ಟಿಯ ಮುಂದೆ ನಿಂತು ಮರಳು ತಿರುವಿದರೆ ಒಂದು ಅಕ್ಕಿಯೂ ಸೀಯದೆ ಅರಳುತ್ತದೆ. ಅವಳ ನಗು ಕೇಳಲೆಂದೇ ಪುರಿ ಕೊಳ್ಳುವವರಿದ್ದರು. ಹಾಗೆ ಕೊಳ್ಳುವವರಲ್ಲಿ ಶಿವನಂಜನೂ ಒಬ್ಬ ಎಂದು ನನಗೆ ಗೊತ್ತಾದದ್ದು ತಡವಾಗಿ. ದಿನಕ್ಕೆ ಎರಡು ಸಲ ಪುರಿ ತಿನ್ನುವ ಹುಡುಗ ಲೋಕದಲ್ಲಿ ಎಲ್ಲಿದ್ದಾನೆ. ನೀಲಿ ಹತ್ತಿದ ಬೆರಳಲ್ಲಿ ಅವನು ಪೊಟ್ಟಣ ತೆಗೆದುಕೊಳ್ಳುವುದು, ಇವಳು ಒಂದು ಮುಷ್ಟಿ ಹೆಚ್ಚಿಗೆ ಹಾಕುವುದು, ಇದೆಲ್ಲ ನನ್ನ ಕಣ್ಣೆದುರಿಗೇ ನಡೆದಿತ್ತು.

ಬೇಸಿಗೆಯ ನಡುವೆ ತೊಳಸಿ ತಾಂಬೂಲದ ತಟ್ಟೆ ಹಿಡಿದು ನಮ್ಮ ಮನೆಗೆ ಬಂದಳು. ಗೋಡೆಗೆ ಒರಗಿ ಕೂತು ಅವಳು ಹೇಳಿದ್ದು ಇಷ್ಟೇ: “ನಂಗೆ ಹೆಣ್ಣುಮಕ್ಕಳಿಲ್ಲ ಸಾಕಕ್ಕ. ಚಂದ್ರೀನ ಕೊಡು. ಮಗಳಂಗೆ ನೋಡ್ಕತೀನಿ.”

ನನ್ನ ಗಂಡನ ಮುಖ ಹರಳೆಣ್ಣೆ ದೀಪ ಹಚ್ಚಿದ ಹಾಗಾಯಿತು. ಒಳಗಿನ ಬಾಗಿಲ ಹಿಂದೆ ಚಂದ್ರಿಯ ಬಳೆ ಸದ್ದಾಯಿತು. ನನಗೆ ಮೈಯೆಲ್ಲ ಬೆಂಕಿ. ಹೊಸ್ತಿಲ ತನಕ ಬಂದ ಕಪ್ಪೆಯನ್ನು ಕರೆದುಕೊಂಡಳು, ಊರಿನ ಹೊಗಳಿಕೆಯನ್ನೆಲ್ಲ ಬಾಚಿಕೊಂಡಳು, ಈಗ ನನ್ನ ಹೊಸ್ತಿಲೊಳಗಿರುವವಳನ್ನೂ ಬೀದಿ ದಾಟಿಸಿಕೊಂಡು ಹೋಗಲು ಬಂದಿದ್ದಾಳೆ. ಮಗಳಂಗೆ ನೋಡಿಕೊಳ್ಳುತ್ತಾಳಂತೆ. ಮಗಳಾಗಿ ನೋಡಿಕೊಳ್ಳಲು ನಾನಿಲ್ಲವೇ. ನಾಳೆ ನೋಡಲು ಬಂದವರು ಕಪ್ಪೆ ನೋಡಿ ಸೊಸೆ ನೋಡಿ, ಎರಡೂ ತೊಳಸಮ್ಮನ ಪುಣ್ಯ ಅನ್ನುತ್ತಾರೆ.

“ಯೋಚ್ನೆ ಮಾಡಿ ಹೇಳ್ತೀವಿ” ಅಂದೆ.

ಅವಳು ಹೋದ ಮೇಲೆ ಮರಿಯಪ್ಪ ಕೇಳಿದ, “ಅದೇನೆ ಯೋಚ್ನೆ ಮಾಡೋದು? ಹುಡುಗ ಒಳ್ಳೇವ್ನು. ಹುಡುಗಿಗೂ ಮನಸ್ಸದೆ. ಪಂಗಡ ಬೇರೆ.”

ಪಂಗಡ ಬೇರೆ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೇರೆಯಾಗಿರುವುದು ಒಂದಾದರೆ? ಗಂಟುನೋಟದ ದಿನ ಯಾರು ಬೇಕಾದರೂ ಎದ್ದು ನಿಂತು ನಂಟು ಕೇಳಬಹುದು. ನನ್ನ ಕಪ್ಪೆಗೂ ಇವಳ ಕಪ್ಪೆಗೂ ನಂಟಿದೆ ನೋಡು ಅಂದರೆ ಬೆಟ್ಟಮ್ಮ ನೋಡಲೇಬೇಕು. ಗುರುತು ಹೊಂದಿದರೆ ಎದುರಿನವರು ಒಲ್ಲೆ ಅನ್ನುವಂತಿಲ್ಲ. ಆಗ ಶಿವನಂಜ ಚಂದ್ರಿಗೆ ಅಣ್ಣ. ಮದುವೆಯ ಮಾತೂ ಮುಗಿಯಿತು, ಬಂಗಾರದ ಪಂಗಡದಲ್ಲಿ ನನ್ನ ಮನೆಯ ಹೆಸರೂ ಸೇರಿತು. ಒಂದು ಕಲ್ಲಿಗೆ ಎರಡು ಹಣ್ಣು ಎಂದು ನಾನು ಒಳಗೊಳಗೇ ಹಿಗ್ಗಿದೆ. ಗಂಡನಿಗೆ ಹೇಳಲಿಲ್ಲ. ಮಗಳಿಗಂತೂ ಹೇಳಲೇ ಇಲ್ಲ.

ಗಂಟುನೋಟ ನಡೆಯುವುದು ಕೆರೆಯ ಕೆಳಗಿನ ಬಯಲಲ್ಲಿ, ಹಗಲು ಹೊತ್ತಿನಲ್ಲಿ. ಅಲ್ಲೊಂದು ಚಪ್ಪಡಿ ಕಲ್ಲಿದೆ. ಬೆಟ್ಟಮ್ಮ ಅದರ ಮೇಲೆ ಕಾಲು ಚಾಚಿ ಕೂರುತ್ತಾಳೆ, ಒಬ್ಬೊಬ್ಬರೇ ಕುಡಿಕೆ ತಂದಿಡುತ್ತಾರೆ. ಆ ಸಲ ಸೆಕೆ ಬಹಳ. ಮೋಡ ಒಂದು ಮೂಲೆಯಲ್ಲಿ ಕಪ್ಪಗೆ ಕಟ್ಟಿತ್ತು. ಎಲ್ಲರಿಗೂ ಬೇಗ ಮುಗಿಸಿ ಮನೆ ಸೇರುವ ಆತುರ. ಹೊಸ ಮನೆಗಳವರದೆಲ್ಲ ಮುಗಿದು, ಇನ್ನು ನಂಟು ಕೇಳುವವರು ಯಾರಾದರೂ ಇದ್ದೀರಾ ಎಂದು ಬೆಟ್ಟಮ್ಮ ಕೇಳಿ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ನಾನು ಎದ್ದೆ.

“ನಮ್ಮದಕ್ಕೂ ತೊಳಸಮ್ಮನ ಮನೇದಕ್ಕೂ ನಂಟದೆ. ನೋಡಬೇಕು” ಅಂದೆ.

ಜನ ನಕ್ಕರು. ಮಸಿಗೂ ಬಂಗಾರಕ್ಕೂ ನಂಟೇ ಎಂದು ಹಿಂದಿನಿಂದ ಯಾರೋ ಅಂದರು. ತೊಳಸಿ ನನ್ನನ್ನೇ ನೋಡಿದಳು. ಅವಳಿಗೆ ನನ್ನ ಒಳಗು ಅರ್ಥವಾಯಿತು. ಹೆಂಗಸರ ಸಾಲಿನಲ್ಲಿದ್ದ ಚಂದ್ರಿಗೂ ಅರ್ಥವಾಯಿತು. ಅವಳು ನಿಂತಲ್ಲೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಮರಿಯಪ್ಪ ಮಾತ್ರ “ಏನಾಗದೆ ನಿಂಗೆ, ಕೂತ್ಕೊ” ಎಂದು ಹಲ್ಲು ಕಡಿದ.

ಕೂರುವವಳಲ್ಲ ನಾನು. ಎರಡು ಕುಡಿಕೆಯನ್ನೂ ಚಪ್ಪಡಿಯ ಎರಡು ಕೊನೆಯಲ್ಲಿಟ್ಟು ಬಟ್ಟೆ ಬಿಚ್ಚಿದರು. ಬೆಟ್ಟಮ್ಮ ನಮ್ಮದರ ಬಾಯೊಳಗೆ ಬೆರಳಾಡಿಸಿದಳು, ಅವರದರ ಬಾಯೊಳಗೂ ಆಡಿಸಿದಳು.

“ಹಲ್ಲಿಲ್ಲ. ಅದು ಯಾವುದಕ್ಕೂ ಇಲ್ಲ” ಅಂದಳು. “ನಿಂದರ ಗಂಟು ನೋಡು ಸಾಕಿ, ಅವರೆಕಾಯಿ ಇಟ್ಟಂಗೆ ದಪ್ಪಕ್ಕದೆ. ಅವಳದರಲ್ಲಿ ಗಂಟೇ ಕಾಣಕಿಲ್ಲ. ನಿಂದಕ್ಕೆ ನೆತ್ತಿ ಮ್ಯಾಲೆ ಏಣು. ಅವಳದು ಬೋಳು ನೆತ್ತಿ. ನಿಂದು ಕುಪ್ಪಳಿಸ್ತದೆ, ಅವಳದು ನಡೀತದೆ. ಎಲ್ಲವ್ವ ನಂಟು?”

“ಕಾಲಿನ ಬೆರಳು ನೋಡಿ” ಅಂದೆ. ನೋಡಿದಳು, ಇಲ್ಲ ಅಂದಳು. “ಹೊಟ್ಟೆ ಚರ್ಮ ನೋಡಿ” ಅಂದೆ. ತಿರುವಿ ಹಾಕಿ ನೋಡಿದಳು, ಇಲ್ಲ ಅಂದಳು. ಕಣ್ಣಿನ ರೆಪ್ಪೆ ಅಂದೆ, ಗಂಟಲ ಚೀಲ ಅಂದೆ, ನಿಮ್ಮಪ್ಪ ಎಲ್ಲ ಒಂದೇ ಅಂತಿದ್ದ ಅಂದೆ. ಕೊನೆಯ ಮಾತಿಗೆ ಬೆಟ್ಟಮ್ಮನಿಗೆ ರೇಗಿತು.

“ನಮ್ಮಪ್ಪ ಹೇಳಿದ್ದು ದಿಟವೇ. ಬೇಕಾದ್ರೆ ಎರಡನ್ನೂ ಕೊಯ್ದು ಹೊಟ್ಟೆಯೊಳಗಿನ ಗುರುತು ತೋರಿಸ್ತೀನಿ. ಆಗ ನೀನೂ ನಿನ್ನ ಗಂಡನೂ ಅಣ್ಣತಂಗಿ ಆಗ್ತೀರಿ. ತೋರಿಸಲೇನು?”

ಬಯಲೆಲ್ಲ ಬಿದ್ದು ಬಿದ್ದು ನಕ್ಕಿತು. “ನಂಟಿಲ್ಲ” ಎಂದು ಬೆಟ್ಟಮ್ಮ ಚಪ್ಪಡಿ ತಟ್ಟಿ ಹೇಳಿದಳು. ಅಲ್ಲಿಗೆ ಆ ವಿಷಯ ತೀರ್ಮಾನವಾಯಿತು.

ಅವಮಾನದಲ್ಲಿ ತಲೆ ಎತ್ತಲಾಗದೆ ನಿಂತಿದ್ದೆ. ಎತ್ತಿದಾಗ ಮೊದಲು ಕಂಡವಳು ಚಂದ್ರಿ. ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿಕೊಳ್ಳುತ್ತಿದ್ದಳು. ಗಂಡಸರ ಸಾಲಿನಲ್ಲಿ ನಿಂತಿದ್ದ ಶಿವನಂಜನ ಕಡೆ ಒಂದು ಸಲ ನೋಡಿ ತಟ್ಟನೆ ನೆಲ ನೋಡಿದಳು. ಅವಳ ಮುಖದಲ್ಲಿದ್ದ ಸಂತೋಷ ಎಂಥದೆಂದರೆ, ನನ್ನ ಹೊಟ್ಟೆಯೊಳಗಿನ ಉರಿಗೆ ಯಾರೋ ಒಂದು ಚೊಂಬು ನೀರು ಹೊಯ್ದ ಹಾಗಾಯಿತು. ನಾನು ಹೆತ್ತ ಮಗಳು. ಅವಳು ಎದುರು ಮನೆಯಲ್ಲಿ ನಕ್ಕರೂ ಸದ್ದು ನಮ್ಮ ಮನೆಗೆ ಕೇಳುತ್ತದೆ. ಹೋಗಲಿ, ಆಗಲಿ ಅನ್ನಿಸಿತು.

ತೊಳಸಿ ಹತ್ತಿರ ಬಂದು ನನ್ನ ಮುಂಗೈ ಹಿಡಿದಳು. “ಬೀಗಿತ್ತಿಯಾಗಕ್ಕೆ ಒಪ್ಪಿಗೆ ತಾನೇ ಈಗ?” ಅಂದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ, ನಾನು ಹುಡುಕಿದೆ.

“ಒಪ್ಪಿಗೆ” ಅಂದೆ. ಮನಸ್ಸಿನಿಂದಲೇ ಅಂದೆ.

ಆಗ ಮಳೆ ಬಂತು. ನಾನು ಬೆರಳು ನೋಡಿ, ರೆಪ್ಪೆ ನೋಡಿ ಎಂದು ಎಳೆದಾಡಿದ ಹೊತ್ತಿನಲ್ಲಿ ಮೋಡ ತಲೆಯ ಮೇಲೆ ಬಂದು ನಿಂತದ್ದನ್ನು ಯಾರೂ ಗಮನಿಸಿರಲಿಲ್ಲ. ದಪ್ಪ ದಪ್ಪ ಹನಿ ಬಿದ್ದವು. ಜನ ತಮ್ಮ ತಮ್ಮ ಕುಡಿಕೆ ಅವುಚಿಕೊಂಡು ಎದ್ದರು. ಬಟ್ಟೆ ಬಿಚ್ಚಿದ್ದು ನಮ್ಮಿಬ್ಬರ ಕುಡಿಕೆಗಳು ಮಾತ್ರ. ನಾನು ಓಡಿಹೋಗಿ ನಮ್ಮ ಕುಡಿಕೆಗೆ ಬಟ್ಟೆ ಮುಚ್ಚಬೇಕು ಅನ್ನುವಷ್ಟರಲ್ಲಿ ಒಳಗೆ ನೋಡಿ ನಿಂತುಬಿಟ್ಟೆ.

ಮಸಿಗಪ್ಪೆಯ ಮೈ ಹಳದಿಯಾಗುತ್ತಿತ್ತು. ಮೊದಲು ಗಂಟಲು, ಆಮೇಲೆ ಪಕ್ಕೆ, ಆಮೇಲೆ ಬೆನ್ನು. ಮಳೆಯ ನೀರಿಗೆ ಮಸಿ ತೊಳೆದು ಹೋಗುತ್ತಿದೆಯೆಂದು ಮೊದಲು ತಿಳಿದೆ. ಮಸಿ ಹೋದರೆ ಮಣ್ಣಿನ ಬಣ್ಣ ಕಾಣಬೇಕು. ಇದು ಮಾಗಿದ ನಿಂಬೆಹಣ್ಣಿನ ಬಣ್ಣ. ಇಷ್ಟು ವರ್ಷ ಮೊದಲ ಮಳೆಗೆ ಬಾಗಿಲು ಹಾಕಿಕೊಂಡು, ಬಟ್ಟಿಯ ಕಲ್ಲಿನ ಕೆಳಗೆ ನಾನೇ ಅದನ್ನು ಒಣಗಿಸಿಟ್ಟಿದ್ದೆ. ಮಳೆಯಲ್ಲಿ ಅದು ಹೀಗಿರುತ್ತದೆ ಎಂದು ಯಾರಿಗೆ ಗೊತ್ತಿತ್ತು. ಪಕ್ಕದಲ್ಲಿದ್ದವರೊಬ್ಬರು “ಅಯ್ಯೋ ನೋಡ್ರೋ” ಅಂದರು. ಮನೆಗೆ ಓಡುತ್ತಿದ್ದವರು ತಿರುಗಿ ಬಂದು ಚಪ್ಪಡಿಯ ಸುತ್ತ ಮುತ್ತಿಕೊಂಡರು. ಕುಡಿಕೆ ಅವುಚಿಕೊಂಡು ಒದ್ದೆಯಾಗುತ್ತಾ ಊರಿಗೆ ಊರೇ ನನ್ನ ಕಪ್ಪೆಯನ್ನು ನೋಡುತ್ತಿತ್ತು. ತೊಳಸಿಯದನ್ನು ಯಾರೂ ನೋಡುತ್ತಿರಲಿಲ್ಲ.

“ಮುಚ್ಚೇ ಅದನ್ನ” ಎಂದು ಮರಿಯಪ್ಪ ಕೂಗಿದ. “ಮಳೆ ಬಿದ್ದದೆ, ಮುಚ್ಚು.”

ಕೇಳಿಸಿತು. ಬಟ್ಟೆ ನನ್ನ ಕೈಯಲ್ಲೇ ಇತ್ತು. ಕಟ್ಟಳೆ ನನಗೆ ಗೊತ್ತಿರಲಿಲ್ಲವೇ, ಅಜ್ಜಿಯ ಕಾಲದ ಚಪ್ಪರದ ಕಥೆ ಕೇಳಿಯೇ ಬೆಳೆದವಳು ನಾನು. ಆದರೆ ಎದುರಿನ ಕೊನೆಯಲ್ಲಿ ತೊಳಸಿ ತನ್ನ ಕುಡಿಕೆಗೆ ಬಟ್ಟೆ ಹಾಕಲು ಬಾಗಿದ್ದಳು. ಅವಳು ಇನ್ನೂ ಸರಿಯಾಗಿ ನೋಡಿರಲಿಲ್ಲ. ಇಷ್ಟು ವರ್ಷ ಬೀದಿಯ ಆಚೆಯಿಂದ ನಾನು ನೋಡಿದ್ದೇನೆ, ಒಂದು ಸಲ ಅವಳು ನೋಡಬೇಡವೇ. ನಮ್ಮ ಕುಡಿಕೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಚಪ್ಪಡಿಯ ಆ ಕೊನೆಗೆ ಹೋಗಿ ಅವಳದರ ಪಕ್ಕಕ್ಕೇ ಇಟ್ಟೆ.

“ನೋಡು ತೊಳಸಿ, ಯಾವುದು ಹೆಚ್ಚು ನೋಡು” ಅಂದೆ.

ಅವಳು ನೋಡಿದಳು. “ನಿಂದೇ ಕಣಕ್ಕ” ಅಂದಳು. ಬಟ್ಟೆ ಹಿಡಿದ ಅವಳ ಕೈ ಹಾಗೇ ನಿಂತಿತ್ತು.

ಆ ಮಾತಿನ ರುಚಿ ನನ್ನ ಬಾಯಿಗೆ ಸೇರುವಷ್ಟರಲ್ಲಿ ನಮ್ಮದು ನೆಗೆಯಿತು. ಒಂದೇ ನೆಗೆತಕ್ಕೆ ಅವಳ ಕುಡಿಕೆಯೊಳಗೆ. ಬಂಗಾರದ ಕಪ್ಪೆಯ ಬೆನ್ನೇರಿ, ಕಂಕುಳಲ್ಲಿ ಕೈಹಾಕಿ ಬಿಗಿದು ಹಿಡಿದು, ಗಂಟಲು ಉಬ್ಬಿಸಿತು. ತೊಳಸಿ ಬಿಡಿಸಲು ಕೈ ಹಾಕಿದಳು. ನಾನೂ ಹಾಕಿದೆ, ನಮ್ಮಿಬ್ಬರ ಕೈಗಳು ಕುಡಿಕೆಯ ಬಾಯಲ್ಲಿ ಸಿಕ್ಕಿಕೊಂಡವು. ಅದು ಕೂಗಿತು. ಇಷ್ಟು ವರ್ಷದಲ್ಲಿ ನಮ್ಮ ಕಪ್ಪೆಯ ದನಿ ನಾನು ಕೇಳಿರಲಿಲ್ಲ. ಬಯಲಿನ ಆ ತುದಿಗೂ ಕೇಳುವ ಹಾಗೆ, ನಿಲ್ಲಿಸದೆ ಕೂಗಿತು.

ಯಾರೂ ನಗಲಿಲ್ಲ. ಬೆಟ್ಟಮ್ಮ ಒದ್ದೆ ತಲೆಗೆ ಸೆರಗು ಹೊದ್ದು ಬಂದು ಕುಡಿಕೆಯೊಳಗೆ ಬಗ್ಗಿ ನೋಡಿದಳು. ನಾನು ಅವಳ ಕಾಲು ಹಿಡಿದುಕೊಂಡೆ. “ಗಂಟು ಬೇರೆ ಅಂದ್ರಲ್ಲ, ಏಣು ಬೇರೆ ಅಂದ್ರಲ್ಲ, ನೀವೇ ಅಂದ್ರಲ್ಲ” ಅಂದೆ.

“ನಾನು ಅಂದಿದ್ದು ನನ್ನ ಕಣ್ಣಿಗೆ ಕಂಡಿದ್ದು. ಇದು ಅವೇ ಹೇಳ್ತಾ ಇರೋದು” ಅಂದಳು ಬೆಟ್ಟಮ್ಮ. ಚಪ್ಪಡಿ ತಟ್ಟಲಿಲ್ಲ, ಮೆಲ್ಲಗೆ ಹೇಳಿದಳು. “ಒಂದೇ ಪಂಗಡ ಕಣವ್ವ. ನಿಂಗೆ ಬೇಕಾಗಿದ್ದು ಸಿಕ್ತು, ಏಳು.”

ನಾವು ಮನೆ ಸೇರುವ ಮೊದಲೇ ಮಳೆ ನಿಂತಿತ್ತು. ಕುಡಿಕೆಯ ಬಟ್ಟೆ ತೆಗೆದು ನೋಡಿದರೆ ಒಳಗೆ ಮಣ್ಣಿನ ಬಣ್ಣದ ಹಳೆಯ ಮುಖ ಕೂತಿತ್ತು. ಹಳದಿಯ ಗುರುತೂ ಇಲ್ಲ. ಅದನ್ನು ಬಟ್ಟಿಯ ಕಲ್ಲಿನ ಹತ್ತಿರ ಬಿಟ್ಟೆ, ಏನೂ ಆಗದ ಹಾಗೆ ಕೆಳಗೆ ತೂರಿಕೊಂಡಿತು. ಮಾರನೆಯ ದಿನ ಪಕ್ಕದ ಕೇರಿಯವರೆಲ್ಲ ಹಳದಿ ಕಪ್ಪೆ ನೋಡಲು ನಮ್ಮ ಮನೆಗೇ ಬಂದರು, ಮೊಟ್ಟಮೊದಲ ಸಲ ನಮ್ಮ ಮನೆಗೆ. ಕಲ್ಲಿನ ಕೆಳಗೆ ಬಗ್ಗಿ ನೋಡಿ, ನನ್ನ ಮುಖ ನೋಡಿ, ಪುರಿ ಕೊಂಡು ಹೋದರು.

ಚಂದ್ರಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಎಂದಿನಂತೆ ಬಟ್ಟಿಯ ಮುಂದೆ ನಿಂತು ಮರಳು ತಿರುವಿದಳು. ಶಿವನಂಜ ಬಹಳ ದಿನ ನಮ್ಮ ಅಂಗಡಿಯ ಕಡೆ ಬರಲಿಲ್ಲ. ಬಂದ ದಿನ ಅವಳು ತಿರುಗಿ ನೋಡದೆ, “ಅವ್ವ, ಅಣ್ಣ ಬಂದವ್ನೆ, ಪುರಿ ಅಳೆದುಕೊಡು” ಅಂದಳು. ಅಳತೆಗಿಂತ ಒಂದು ಮುಷ್ಟಿ ಹೆಚ್ಚು ಹಾಕಲು ಹೋದೆ. ಅವನು ಬೇಡ ಎಂದು ಪೊಟ್ಟಣ ಹಿಂದಕ್ಕೆ ಎಳೆದುಕೊಂಡ. ಅವತ್ತಿನಿಂದ ಅವಳ ನಗು ಕೇಳಲು ಬರುವ ಗಿರಾಕಿಗಳು ಒಬ್ಬೊಬ್ಬರೇ ಕಡಿಮೆಯಾದರು, ಕೇಳಲು ಏನೂ ಇರಲಿಲ್ಲವಲ್ಲ.

ತೊಳಸಿ ಈಗ ಹಬ್ಬಕ್ಕೆ ಹುಣ್ಣಿಮೆಗೆ ನಮ್ಮ ಮನೆಗೆ ಬರಬೇಕು, ನಾನು ಅವರ ಮನೆಗೆ ಹೋಗಬೇಕು, ಒಡಹುಟ್ಟಿದವರ ಪದ್ಧತಿ. ಬರುತ್ತಾಳೆ. ಅಕ್ಕ ಎಂದು ಮೊದಲೂ ಕರೆಯುತ್ತಿದ್ದಳು, ಈಗಲೂ ಕರೆಯುತ್ತಾಳೆ. ಮೊದಲು ಕರೆದಾಗ ನಗು ಇರುತ್ತಿತ್ತು. ಅವಳ ಕಪ್ಪೆ ಈಗಲೂ ಫಳಫಳ ಹೊಳೆಯುತ್ತದೆ. ಅದನ್ನು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ ಉರಿಯುವುದು ಬೇರೆಯವರ ಮನೆಯ ಹೆಣ್ಣುಮಕ್ಕಳು ಗಂಡನ ಜೊತೆ ಬೀದಿಯಲ್ಲಿ ಹೋಗುವುದನ್ನು ಕಂಡಾಗ.

ಮುಂದಿನ ಬೇಸಿಗೆಯಲ್ಲಿ ಶಿವನಂಜನಿಗೆ ಹೊಳೆಯಾಚೆಯ ಹೆಣ್ಣು ತಂದರು. ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳುವಾಗ ಗಂಡಿನ ತಂಗಿ ಬಾಗಿಲು ತಡೆಯುವ ಶಾಸ್ತ್ರವಿದೆಯಲ್ಲ. ಹೊಸ್ತಿಲಿಗೆ ಅಡ್ಡ ಕೈಹಿಡಿದು, ನಿನ್ನ ಹೊಟ್ಟೆಯಲ್ಲಿ ಹುಟ್ಟುವ ಹೆಣ್ಣನ್ನು ನನ್ನ ಮಗನಿಗೆ ಕೊಡುತ್ತೀಯಾ ಎಂದು ಕೇಳಬೇಕು, ಹೊಸ ಸೊಸೆ ಕೊಡುತ್ತೇನೆ ಅನ್ನಬೇಕು, ಆಮೇಲೆ ಕೈ ತೆಗೆಯಬೇಕು. ತೊಳಸಿಗೆ ಹೆಣ್ಣುಮಕ್ಕಳಿಲ್ಲ. ಒಂದೇ ಪಂಗಡದಲ್ಲಿ ತಂಗಿಯ ವಯಸ್ಸಿನವಳೆಂದು ಇದ್ದವಳು ನಮ್ಮ ಚಂದ್ರಿ. “ನೀನು ಹೋಗೋದು ಬೇಡ, ಹುಷಾರಿಲ್ಲ ಅಂತ ಹೇಳ್ಬಿಡ್ತೀನಿ” ಅಂದೆ. “ಶಾಸ್ತ್ರ ಬಿಡಬಾರದು ಕಣವ್ವ” ಎಂದು ಅವಳೇ ಸೀರೆ ಉಟ್ಟುಕೊಂಡಳು.

ಬಂಗಾರಗಪ್ಪೆಯವರ ಮನೆಯ ಬಾಗಿಲಲ್ಲಿ ಅವಳು ಅಡ್ಡ ಕೈ ಹಿಡಿದು ನಿಂತಳು. ಎದುರಿಗೆ ಸೆರಗು ಹೊದ್ದ ಮದುಮಗಳು, ಅವಳ ಪಕ್ಕ ಶಿವನಂಜ. ಕಾಲ ಬಳಿ ಅಕ್ಕಿ ತುಂಬಿದ ಸೇರು. ಹೆಂಗಸರು ಕೇಳಮ್ಮಾ ಕೇಳು ಎಂದು ಚುಡಾಯಿಸಿದರು. ಚಂದ್ರಿ ಕೇಳಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಕಣ್ಣು ಎಲ್ಲೋ ಬೀದಿಯ ಮೇಲಿತ್ತು. ಶಿವನಂಜ ನೆಲ ನೋಡಿಕೊಂಡು ನಿಂತಿದ್ದ. ತೊಳಸಿ ನನ್ನ ಕಡೆ ತಿರುಗಿ, “ನೀನೇ ಒಸಿ ಹೇಳಕ್ಕ” ಅಂದಳು.

ನಾನು ಹೋಗಿ ಮಗಳ ಮುಂಗೈ ಹಿಡಿದುಕೊಂಡೆ. ಮರದ ಕೊರಡಿನಂತೆ ಬಿಗಿಯಾಗಿತ್ತು. ಅವಳು ನನ್ನ ಕಡೆ ನೋಡದೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ಅವತ್ತು ಮಳೇಲಿ ಹಳದಿ ಚೆನ್ನಾಗಿತ್ತು ಕಣವ್ವ” ಅಂದಳು. ಆಮೇಲೆ ಕೈ ಕೆಳಗಿಳಿಸಿದಳು, ಮದುಮಗಳು ಸೇರು ಒದ್ದು ಒಳಗೆ ಹೋದಳು.